ಕೇಳಲು ಬಾರದ ಶಿವರುದ್ರಪ್ಪ

"ಅಕ್ಕಾರ, ಒಂಚೂರು ಸರೀರಿ, ನಾ ಒಳಗ ಹೋಗಬೇಕು," ಎಂದೆ.

ಗಿಳಿಹಸಿರು ಇಳಕಲ್ ಸೀರೆ ಉಟ್ಟು ನನಗೆ ಬೆನ್ನು ಮಾಡಿ ನಿಂತಿದ್ದ ಆ ಹೆಂಗಸು ಎಷ್ಟು ಚೆಂದ ನಿಂತಿದ್ದಳೆಂದರೆ, ನನಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಸೆರಗಿನ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು, ಕತ್ತನ್ನು ತುಸು ಓರೆ ಮಾಡಿ, ಯಾರೋ ಕರೆಯಲಿ ಎಂದು ಕಾಯುತ್ತಿರುವ ಹಾಗೆ ನಿಂತಿದ್ದಳು. ನಾನು ಕರೆದೆ. ತಿರುಗಿದಳು. ಮೂಗಿನ ಕೆಳಗೆ ಈಗಷ್ಟೇ ಬಿಟ್ಟ ಮೀಸೆ ಇತ್ತು.

ಗಾದಿಯ ಮೇಲೆ ಕೂತು ಸೀರೆ ನೋಡುತ್ತಿದ್ದ ಮರಾಠಿ ಹೆಂಗಸರು ಗೊಳ್ಳೆಂದು ನಕ್ಕರು. ನಾನು ನಾಚಿ ನೀರಾದೆ. ನನಗಿಂತ ಹೆಚ್ಚು ನಾಚಿದ್ದು ಆ ಮೀಸೆಯ ಮನುಷ್ಯ. ಸೆರಗು ಎಳೆದು ಮುಖ ಮುಚ್ಚಿಕೊಂಡು, ಧೋತರದ ಮೇಲೆ ಸುತ್ತಿದ್ದ ಸೀರೆಯನ್ನು ಸರಸರ ಬಿಚ್ಚತೊಡಗಿದರು. ಅದನ್ನು ಬಿಚ್ಚುವುದರಲ್ಲೂ ಒಂದು ಒಯ್ಯಾರವಿತ್ತು. ಬೇಕೆಂದು ಮಾಡಿದ್ದಲ್ಲ, ಪಾಪ, ಬೇರೆ ರೀತಿ ಬಿಚ್ಚಲು ಅವರಿಗೆ ಬರುತ್ತಿರಲಿಲ್ಲ.

ಪುಣೆಯ ರವಿವಾರ ಪೇಟೆಯಲ್ಲಿ ಆ ಸೀರೆ ಅಂಗಡಿ ನಡೆಸುತ್ತಿದ್ದವರು ರಾಮಲಿಂಗಪ್ಪ ಕಾಕಾ. ಅವರ ಹೆಂಡತಿ ಪಾರವ್ವ ನನ್ನ ಚಿಗವ್ವ, ಅಂದರೆ ನಮ್ಮವ್ವನ ತಂಗಿ. ಮನೆ ಅಂಗಡಿಯ ಹಿಂದೆಯೇ. ನಗುವಿನ ಸದ್ದು ಕೇಳಿ ಓಡಿಬಂದ ಚಿಗವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನಗಬ್ಯಾಡ ಗಂಗಾ. ಅವ ಶಿವರುದ್ರಪ್ಪ ಅಂತ, ನಮ್ಮ ಬಾಗಲಕೋಟಿ ಕಡಿಯಾಂವ. ನಾಟಕ ಕಂಪನ್ಯಾಗ ಹೆಣ್ಣಿನ ಪಾರ್ಟ್ ಮಾಡ್ತಿದ್ದ."

ಶಿವರುದ್ರಪ್ಪ! ಆ ಹೆಸರಿಗೂ ಆ ಬೆರಳುಗಳಿಗೂ ಎಲ್ಲಿಯ ಸಂಬಂಧ ಎಂದು ನಾನು ಇನ್ನಷ್ಟು ನಕ್ಕೆ. ಉಳಿದದ್ದು ಕೇಳಿದ ಮೇಲೆ ನಗು ನಿಂತಿತು.

ಮೀಸೆ ಚಿಗುರುವ ಮೊದಲಿನಿಂದಲೂ ಅವರು ಕಂಪನಿಯ ನಾಯಕಿ. ಅವರು ರಂಗದ ಮೇಲೆ ಅತ್ತರೆ ಮುಂದಿನ ಸಾಲಿನ ಗಂಡಸರು ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಆಮೇಲೆ ಟಾಕಿ ಬಂತು. ಪರದೆಯ ಮೇಲೆ ನಿಜವಾದ ಹೆಂಗಸರನ್ನು ಕಂಡ ಜನ ನಾಟಕದಲ್ಲೂ ಅಂಥವರನ್ನೇ ಕೇಳತೊಡಗಿದರು. ಮಾಲೀಕ ಗದಗಿನಿಂದ ಒಬ್ಬ ನಟಿಯನ್ನು ಕರೆತಂದು, ಇವರಿಗೆ ಸೇನಾಪತಿಯ ಪಾರ್ಟು ಕೊಟ್ಟ. ಪುಣೆಯ ಥಿಯೇಟರಿನಲ್ಲಿ ಕತ್ತಿ ಹಿಡಿದು ಬಂದ ಸೇನಾಪತಿ ಬಾಯಿ ತೆರೆದರೆ ಹೊರಟದ್ದು ರಾಣಿಯ ದನಿ. ಥಿಯೇಟರಿಗೆ ಥಿಯೇಟರೇ ನಕ್ಕಿತು. ಸೇನಾಪತಿ ನಾಚಿ, ಇಲ್ಲದ ಸೆರಗನ್ನು ಎಳೆದುಕೊಂಡ. ಆಮೇಲೆ ಶಿಳ್ಳೆ ಬಿದ್ದವು. ಕಂಪನಿ ಕೊಲ್ಲಾಪುರದ ಹಾದಿ ಹಿಡಿದಾಗ ಶಿವರುದ್ರಪ್ಪನವರು ಹಿಂದೆ ಉಳಿದರು. ಊರಿಗೆ ಹೋಗಲು ಮುಖವಿರಲಿಲ್ಲ. ಕಾಕಾ ಕರೆದು, ಸೀರೆ ಉಟ್ಟು ಗಿರಾಕಿಗಳಿಗೆ ತೋರಿಸುವ ಕೆಲಸ ಕೊಟ್ಟರು.

ನನ್ನದೂ ಅಂಥ ದೊಡ್ಡ ಬದುಕೇನಲ್ಲ. ಗಂಡ ಜ್ವರದಲ್ಲಿ ಹೋದ. ಅತ್ತೆಮನೆಯವರು ನನ್ನ ಕಾಲ್ಗುಣ ಎಂದರು, ತವರಿನವರು ಹಣೆಬರಹ ಎಂದರು. ಮುಂದೇನು ಮಾಡುತ್ತೀ ಎಂದು ಕೇಳಿದವಳು ಚಿಗವ್ವ ಒಬ್ಬಳೇ. ಅವಳೇ ಪುಣೆಗೆ ಕರೆಸಿ, ಅನಾಥ ಹೆಂಗಸರಿಗೆ ನರ್ಸಿನ ಕೆಲಸ ಕಲಿಸುವ ಒಂದು ಸಂಸ್ಥೆಗೆ ಸೇರಿಸಿದಳು. ಅಲ್ಲೇ ಊಟ, ಅಲ್ಲೇ ವಾಸ, ರವಿವಾರ ಮಾತ್ರ ಬಿಡುವು. ಬಿಳಿ ಸೀರೆ ಮೊದಲೇ ಇತ್ತು. ನರ್ಸಿಗೂ ಅದೇ ಬಣ್ಣವೆಂದು ತಿಳಿದಾಗ ನಗು ಬಂದಿತ್ತು, ಅಳುವೂ ಬಂದಿತ್ತು.

ರವಿವಾರ ರವಿವಾರ ಚಿಗವ್ವನ ಮನೆಗೆ ಹೋಗುವುದು ರೂಢಿಯಾಯಿತು. ಚಿಗವ್ವನ ಮೇಲಿನ ಪ್ರೀತಿಗೆ ಎಂದು ಎಲ್ಲರೂ ತಿಳಿದಿದ್ದರು. ಕೆಲವು ವಾರ ನಾನೂ ಹಾಗೆಯೇ ತಿಳಿದಿದ್ದೆ.

"ನರ್ಸಬಾಯಾರ, ಒಂದು ಮಾತು ಹೇಳ್ಲೇನ್ರಿ? ಸಿಟ್ಟಾಗಬಾರದು ಮತ್ತ." ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು, ಸೀರೆಗಳನ್ನು ಮಡಚುತ್ತ ಶಿವರುದ್ರಪ್ಪನವರು ಕೇಳಿದರು.

"ಹೇಳ್ರಿ."

"ನೀವು ಗೋಡಿ ಬಾಜೂಕ ಯಾಕ ನಡೀತೀರಿ?"

"ನಾ ಎಲ್ಲಿ ಹಂಗ ನಡೀತೀನಿ?"

"ನಡೀತೀರಿ. ತಲಿ ಬಗ್ಗಿಸಿ, ಹೆಗಲ ಒಳಗ ಎಳಕೊಂಡು. ವಿಧವಿ ಪಾರ್ಟ್ ನಾನೂ ಮಾಡೀನ್ರಿ. ಹಿಂಗ ನಡದ್ರ ಜನಾ 'ಅಯ್ಯ ಪಾಪ' ಅಂತಿದ್ರು. ಆಟ ಮುಗದ ಮ್ಯಾಲ ನಾ ಸೀರಿ ಕಳದು ನೆಟ್ಟಗ ಹೋಗಿ ಊಟಕ್ಕ ಕೂಡ್ತಿದ್ದೆ. ನಿಮ್ಮ ಆಟ ಯಾವಾಗ ಮುಗೀತದ್ರಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಹೊರಟೆ. ನನ್ನ ದುಃಖವನ್ನು ಪಾರ್ಟು ಎನ್ನಲು ಇವರಾರು? ಲಕಡಿ ಪುಲ್ ಎಂಬ ಸೇತುವೆ ದಾಟುವಾಗ ನೋಡಿಕೊಂಡರೆ, ನಾನು ಕಟಾಂಜನಕ್ಕೆ ಅಂಟಿಕೊಂಡೇ ನಡೆಯುತ್ತಿದ್ದೆ. ಎದುರಿಗೆ ಒಂದು ಟಾಂಗಾ ಬರುತ್ತಿತ್ತು. ಹಟಕ್ಕೆ ಬಿದ್ದು ರಸ್ತೆಯ ನಡುವೆ ಬಂದೆ. ಟಾಂಗಾದವನು ಮರಾಠಿಯಲ್ಲಿ ಬಾಯಿಗೆ ಬಂದಂತೆ ಬೈದ. ಗಂಡ ಸತ್ತ ಮೇಲೆ ನನ್ನನ್ನು ಅಯ್ಯೋ ಪಾಪ ಎನ್ನದೆ ಬೈದ ಮೊದಲ ಮನುಷ್ಯ ಅವನೇ ಇರಬೇಕು. ಸಂಸ್ಥೆ ಮುಟ್ಟುವವರೆಗೂ ನಾನು ಒಬ್ಬಳೇ ನಗುತ್ತಿದ್ದೆ.

ಮುಂದಿನ ರವಿವಾರ ಸಾಲ ತೀರಿಸಲು ಹೋದೆ.

"ನನಗ ನಡಿಯೂದು ಕಲಿಸಿದ್ರಿ. ಈಗ ನಿಮ್ಮ ಪಾಳಿ. ನನ್ನ ನೋಡ್ರಿ."

"ಹೆಂಗ್ರಿ?"

"ಗಂಡಸರು ನೋಡಿದಂಗ. ಎದುರಿನಾಕಿ ಕಣ್ಣು ತಗ್ಗಿಸೋತನಕ ಬಿಡದ ನೋಡಬೇಕು."

ಅವರು ಪ್ರಯತ್ನಿಸಿದರು. ನೋಟ ನನ್ನ ಗದ್ದದವರೆಗೆ ಬಂತು. ತುಟಿಯ ಹತ್ತಿರ ತಡವರಿಸಿತು. ಕಣ್ಣಿಗೆ ಕಣ್ಣು ತಾಗಿದ್ದೇ ತಡ ರೆಪ್ಪೆ ಇಳಿಯಿತು. ಇಳಿದ ಚೆಂದವೋ! ನಿಧಾನವಾಗಿ ಇಳಿದು, ಅಲ್ಲೇ ನಡುಗಿ, ಕಡೆಗಣ್ಣಿನಿಂದ ಒಮ್ಮೆ ನನ್ನನ್ನು ಸವರಿ ಹೋಯಿತು. ನಾನೂ ನೆಲ ನೋಡಿದೆ. ಇಬ್ಬರೂ ನೆಲ ನೋಡುತ್ತ ನಿಂತರೆ ನೋಡುವವರು ಯಾರು?

"ಆಗಂಗಿಲ್ರಿ," ಎಂದರು ಸಣ್ಣ ದನಿಯಲ್ಲಿ. "ಕಣ್ಣು ನನ್ನ ಮಾತು ಕೇಳಂಗಿಲ್ಲ."

ಅಂಗಡಿಯ ಎದುರಿಗೆ ಸದಾನಂದನ ಹೋಟೆಲಿತ್ತು. ಉಡುಪಿ ಕಡೆಯವನು, ಬಾಯಿ ತುಂಬ ಮಾತು. ದನಿ ಗಟ್ಟಿಯಾಗಬೇಕಾದರೆ ದಿನಾ ಅಂಗಡಿಯಿಂದಲೇ ಕೂಗಿ ಚಹಾ ತರಿಸಬೇಕು ಎಂದು ಅವನೇ ಉಪಾಯ ಹೇಳಿದ್ದ. ಶಿವರುದ್ರಪ್ಪನವರು ಹೊಸ್ತಿಲಲ್ಲಿ ನಿಂತು, ಎದೆಯುಬ್ಬಿಸಿ, "ಸದಾನಂದಾ, ಒಂದು ಚಹಾ!" ಎನ್ನುವರು. ಎಳೆ ಎಳೆಯಾಗಿ ಹೊರಟ ಆ ದನಿ ರಸ್ತೆಯ ಗದ್ದಲದ ನಡುವೆ ಎಲ್ಲೋ ಕರಗಿಹೋಗುತ್ತಿತ್ತು.

"ಎಂಥದು ಮಾರಾಯ್ರೆ, ತುಟಿ ಅಲ್ಲಾಡುವುದು ಮಾತ್ರ ಕಾಣುತ್ತದೆ!" ಎಂದು ಸದಾನಂದ ಅಲ್ಲಿಂದಲೇ ಕೂಗುತ್ತಿದ್ದ. ಪಾಪ, ಚಹಾ ಮಾತ್ರ ಕಳಿಸುತ್ತಿದ್ದ.

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವರೂ ನಗುತ್ತಿದ್ದರು. ಒಂದು ದಿನ ನಗು ನಿಲ್ಲಿಸಿ, ಚಹಾದ ಬಸಿಯನ್ನು ನೋಡುತ್ತ ಹೇಳಿದರು:

"ಕಂಪನ್ಯಾಗ ಎಲ್ಲಾ ಮಾತು ನಾಯಕ ಆಡ್ತಿದ್ದ, ಬಾಯಾರ. 'ನೀ ಇಲ್ಲದ ನಾ ಬದುಕಂಗಿಲ್ಲ' ಅಂತ ಅಂವ ಅನ್ನಾಂವ, ನಾ ನಾಚಾಂವ. ನಾಚೂದು ನನಗ ನಾನಾ ತರಾ ಬರ್ತದ. ಹೇಳೂದು ಒಂದು ತರಾನೂ ಬರೂದಿಲ್ರಿ. ಯಾರಿಗೂ ಹೇಳೇ ಇಲ್ಲ."

ಯಾರಿಗೆ ಹೇಳಬೇಕಾಗಿದೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ನನ್ನ ಗಂಡ ಓಣಿಯ ತುದಿಯಿಂದಲೇ ಗುಡುಗುತ್ತ ಮನೆಗೆ ಬರುತ್ತಿದ್ದ. ಈ ಮನುಷ್ಯನ ಹತ್ತಿರ ಕೂತರೆ ಮೈಯೆಲ್ಲ ಹಗುರವಾಗುತ್ತಿತ್ತು.

ನಮ್ಮ ಕಡೆ ಗಂಡ ಸತ್ತವಳ ಎರಡನೆಯ ಮದುವೆಗೆ ಉಡಿಕಿ ಎನ್ನುತ್ತಾರೆ. ಅದಕ್ಕೆ ಹಂದರವಿಲ್ಲ, ಓಲಗವಿಲ್ಲ. ಗಂಡಸು ನಾಲ್ಕು ಜನರೆದುರು ಹೆಂಗಸಿಗೆ ಹೊಸ ಸೀರೆ ಕೊಡುತ್ತಾನೆ. ಅವಳು ಉಟ್ಟುಕೊಂಡಳೆಂದರೆ ಇಬ್ಬರೂ ಗಂಡಹೆಂಡಿರು. ಆದರೆ ಕೇಳಬೇಕಾದವನು ಗಂಡಸು. ಹೆಂಗಸು ತಾನಾಗಿ ಕೇಳಿದರೆ ಊರು ಅವಳನ್ನು ಬದುಕಗೊಡುವುದಿಲ್ಲ.

"ಯಾರರ ಉಡಿಕಿ ಕೇಳಿದ್ರ ಒಲ್ಲೆ ಅನಬ್ಯಾಡ," ಎಂದಿದ್ದಳು ಚಿಗವ್ವ. ಅವಳ ಕಣ್ಣು ಅಂಗಡಿಯ ಕಡೆಗಿತ್ತು.

ನನ್ನ ಕಲಿಕೆ ಮುಗಿಯುತ್ತ ಬಂದಿತ್ತು. ಸೊಲ್ಲಾಪುರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಗೊತ್ತಾಗಿತ್ತು. ಹೋಗುವುದರೊಳಗೆ ಅವರು ಒಮ್ಮೆ ಬಾಯಿ ಬಿಟ್ಟು ಕೇಳಲಿ, ಅಷ್ಟೇ ಸಾಕು ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ಕೇಳಲು ಬಾರದವರು ಅವರು, ಕೇಳಬಾರದವಳು ನಾನು.

ದೀಪಾವಳಿಯ ಹಿಂದಿನ ರವಿವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಜಾಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ನಮ್ಮವರೇ ಗಾದಿ ತುಂಬ ಕೂತಿದ್ದರು. ಅವರಲ್ಲಿ ನಾಗವ್ವ ಎಂಬ ಮುದುಕಿ ಸೊಸೆಗೆಂದು ದಾಳಿಂಬೆ ಬಣ್ಣದ ಸೀರೆ ಹಿಡಿದು ಒಂದೇ ಸಮ ಗೊಣಗುತ್ತಿದ್ದಳು.

"ನಿನ್ನ ಮೈಮ್ಯಾಲ ಎಲ್ಲಾ ಚೆಂದನ ಕಾಣ್ತದಪಾ ಶಿವರುದ್ರಪ್ಪ, ನೀ ಬೆಳ್ಳಗ ಅದಿ. ನನ್ನ ಸೊಸಿ ಎಣ್ಣಿಗೆಂಪು. ಆಕಿಗೆ ಹೆಂಗ ಕಂಡೀತು?"

ಅವರು ಸುತ್ತ ನೋಡಿದರು. ನಾನು ಕಾಕಾನಿಗೆ ಚಹಾ ಕೊಡಲು ಬಂದು ನಿಂತಿದ್ದೆ. ಎಣ್ಣೆಗೆಂಪು ನಾನೇ. ಮರುಕ್ಷಣ ಆ ಸೀರೆ ನನ್ನ ಹೆಗಲ ಮೇಲಿತ್ತು. ಕೆಲಸದ ರಭಸದಲ್ಲಿ ಸೆರಗನ್ನು ಹರವಿ, ನೆರಿಗೆ ತಿದ್ದಿ, ಎರಡು ಹೆಜ್ಜೆ ಹಿಂದೆ ಸರಿದು, "ನೋಡ್ರಿ ಹೆಂಗ ಒಪ್ಪತದ!" ಎಂದರು. ಮುಖದಲ್ಲಿ ಅಷ್ಟು ಸಂತೋಷವಿತ್ತು.

ಸೀರೆ ಬಿಡಿಸುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿ ನಮ್ಮನ್ನೇ ನೋಡಿದರು.

ಬೇರೆ ಯಾವ ಅಂಗಡಿಯಲ್ಲಾದರೂ ಅದು ಬರೀ ವ್ಯಾಪಾರ. ಇಲ್ಲಿ ಕೂತವರೆಲ್ಲ ನಮ್ಮವರು. ಬಿಳಿ ಸೀರೆಯ ಹೆಂಗಸಿನ ಹೆಗಲ ಮೇಲೆ ಒಬ್ಬ ಗಂಡಸು, ಇಷ್ಟು ಜನರೆದುರು, ಹೊಸ ಸೀರೆ ಹಾಕಿದ್ದ.

"ಉಡಿಕಿ ಆತೇನವಾ?" ನಾಗವ್ವ ಮೆಲ್ಲಗೆ ಕೇಳಿದಳು.

ಯಾರೋ ಕಿಸಕ್ಕೆಂದರು. ಕಾಕಾ ಎದ್ದು ನಿಂತರು. ಸಿಟ್ಟಿನ ಮನುಷ್ಯರಲ್ಲ, ಅಂದೂ ಸಿಟ್ಟಾಗಲಿಲ್ಲ. ಮೆತ್ತಗೆ, ಅವರಿಗೆ ದಾರಿ ಮಾಡಿಕೊಡುವ ಹಾಗೆ ಕೇಳಿದರು:

"ಶಿವರುದ್ರಪ್ಪ, ಮನಸ್ಸಿಟ್ಟು ಹಾಕಿದ್ಯೋ, ಮರತು ಹಾಕಿದ್ಯೋ? ಒಂದು ಮಾತು ಹೇಳಿಬಿಡು. ನಾವೆಲ್ಲಾ ಅದೀವಿ."

ನಾನು ಸೀರೆಯನ್ನು ತೆಗೆಯಲಿಲ್ಲ. ಕೈ ಕೂಡ ಹಚ್ಚಲಿಲ್ಲ. ನೆಟ್ಟಗೆ ನಿಂತು ಅವರನ್ನೇ ನೋಡಿದೆ. ಹೇಳ್ರಿ, ಒಂದೇ ಮಾತು ಹೇಳ್ರಿ ಎಂದು ನನ್ನ ಮೈಯೆಲ್ಲ ಕೂಗುತ್ತಿತ್ತು.

ಅವರ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಕೂತ ಹೆಂಗಸರನ್ನು ಕಂಡಾಗ ಅವರಿಗೆ ಥಿಯೇಟರು ಕಂಡಿರಬೇಕು. ರೆಪ್ಪೆ ಇಳಿಯಿತು. ಕೈ ಹೆಗಲ ಹತ್ತಿರ ಹೋಗಿ ಸೆರಗು ಹುಡುಕಿತು.

"ತಪ್ಪಾತ್ರಿ," ಎಂದರು. "ಮರತು ಹಾಕಿದೆ."

ನಾನೇ ಸೀರೆ ತೆಗೆದು ಮಡಚಿ ನಾಗವ್ವನ ಉಡಿಯಲ್ಲಿಟ್ಟೆ. "ನಿಮ್ಮ ಸೊಸಿಗೆ ಭಾಳ ಚಲೋ ಒಪ್ಪತದ್ರಿ, ತಗೋರಿ," ಎಂದೆ. ದನಿ ನಡುಗಲಿಲ್ಲ. ಒಳಗೆ ಹೋಗಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಗಂಡ ಸತ್ತಾಗ ಬಾರದಿದ್ದ ಅಳುವೂ ಅದರ ಜೊತೆಗೇ ಬಂತು.

ಅಂದಿನಿಂದ ಅವರು ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಬರುವ ದಿನ ಗೋದಾಮಿನಲ್ಲಿ ಏನೋ ಕೆಲಸವಿರುತ್ತಿತ್ತು. ಚಹಾ ಕೂಗುವ ಆಟವೂ ನಿಂತಿತ್ತು.

"ಬಿಡು ಮಗಳ," ಎಂದಳು ಚಿಗವ್ವ. "ಕೇಳಾಕ ಬಾರದ ಗಂಡಸಿಗೆ ಎಷ್ಟಂತ ಕಾಯ್ತಿ?"

ಎಷ್ಟಾದರೂ ಕಾಯುತ್ತಿದ್ದೆ. ಆದರೆ ಕೆಲಸ ಕಾಯುವುದಿಲ್ಲವಲ್ಲ.

ಹೊರಡುವ ದಿನ ಬೆಳಗ್ಗೆ ಚಿಗವ್ವನ ಮನೆಗೆ ಟಾಂಗಾ ಬಂತು. ಕಾಕಾ ನನ್ನ ಟ್ರಂಕನ್ನು ಎತ್ತಿಸಲು ಯಾರನ್ನೋ ಕೂಗಿದರು. ಬಂದವರು ಶಿವರುದ್ರಪ್ಪ. "ಸ್ಟೇಶನ್ ತನಕ ಹೋಗಿ ಹತ್ತಿಸಿ ಬಾ, ನನಗ ಮೊಣಕಾಲು ನೋವದ," ಎಂದರು ಕಾಕಾ. ಹಿಂದಿನ ದಿನವಷ್ಟೇ ಅವರು ಪರ್ವತಿ ಗುಡ್ಡ ಹತ್ತಿ ಬಂದಿದ್ದರು.

ಶಿವರುದ್ರಪ್ಪನವರು ಟಾಂಗಾದವನ ಪಕ್ಕ ಕೂತರು, ನಾನು ಹಿಂದೆ. ಸ್ಟೇಶನ್ನಿನಲ್ಲಿ ಹೆಂಗಸರ ಡಬ್ಬಿ ಹುಡುಕಿ, ಟ್ರಂಕು ಒಳಗಿಟ್ಟು, ಕೆಳಗಿಳಿದು ಕಿಟಕಿಯ ಹತ್ತಿರ ನಿಂತರು. ಕಣ್ಣು ಕೆಂಪಾಗಿದ್ದವು.

"ಅವತ್ತು..." ಎಂದು ಸುರುಮಾಡಿ ನಿಂತರು. ಕೆಮ್ಮಿದರು. ಎದೆಯುಬ್ಬಿಸಿ, ದನಿ ದಪ್ಪ ಮಾಡಿ ಮತ್ತೆ, "ಅವತ್ತು ನಾ..." ಎಂದರು. ಆ ದಪ್ಪ ದನಿ ನಡುವೆ ಒಡೆಯಿತು.

"ಬಿಡ್ರಿ," ಎಂದೆ. ನೋಡಲಾಗುತ್ತಿರಲಿಲ್ಲ.

"ಮರತು ಹಾಕಿದ್ದು ಖರೇ ಅದರಿ. ಆದ್ರ ಹಾಕಿದ ಮ್ಯಾಲ ತಗಿಯಾಕ ಮನಸ್ಸಿರಲಿಲ್ಲ. ಅದನ್ನ ಹೇಳಬೇಕಾಗಿತ್ತು. ಗಂಡಸು ಹೆಂಗ ಕೇಳತಾನ ನನಗ ಗೊತ್ತಾಗವಲ್ದು. ಗೋದಾಮಿನ್ಯಾಗ ನಿಂತು ದಿನಾ ಕೇಳಿನೋಡೀನಿ. ಯಾವದೂ ನನ್ನ ಬಾಯಿಗೆ ಹೊಂದಂಗಿಲ್ಲ."

"ಗಂಡಸಿನಂಗ ಕೇಳಂತ ನಿಮಗ ಯಾರು ಹೇಳಿದ್ರು?" ನನಗೆ ಸಿಟ್ಟೇ ಬಂತು. "ಹಂಗ ಮಾತಾಡಾಂವನ ಜೋಡಿ ನಾ ಬಾಳೇ ಮಾಡೀನಿ. ನಿಮಗ ಹೆಂಗ ಬರ್ತದೋ ಹಂಗ ಕೇಳ್ರಿ. ಗಾಡಿ ಬಿಡ್ತದ."

ಗಾರ್ಡು ಸೀಟಿ ಊದಿದ. ಅವರು ಕಿಟಕಿಯ ಸರಳು ಹಿಡಿದುಕೊಂಡರು. ಕಣ್ಣೆತ್ತಿದರು. ಈ ಸಲ ರೆಪ್ಪೆ ಇಳಿಯಲಿಲ್ಲ. ತಮ್ಮದೇ ಆ ಸಣ್ಣ, ಇಂಪಾದ ದನಿಯಲ್ಲಿ, ಡಬ್ಬಿಯ ಹೆಂಗಸರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೇಳಿದರು:

"ನನ್ನನ್ನೂ ನಿಮ್ಮ ಜೋಡಿ ಕರಕೊಂಡು ಹೋಗ್ತೀರೇನ್ರಿ?"

ಯಾರೋ ನಕ್ಕರು. ಅವರು ನಗುವಿನ ಕಡೆ ತಿರುಗಲಿಲ್ಲ.

ಹಾಗೆ ಕೇಳಿದ ಗಂಡಸನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಅದಕ್ಕೆ ನನಗೆ ಗೊತ್ತಿದ್ದ ಉತ್ತರ ಒಂದೇ, ಕೆಲಸ ಹುಡುಕಿ ಪರಊರಿಗೆ ಹೋಗುವ ನಮ್ಮ ಕಡೆಯ ಗಂಡಸರು ಹೆಂಡತಿಗೆ ಹೇಳುವ ಮಾತು.

"ಈಗ ಬ್ಯಾಡ್ರಿ," ಎಂದೆ. "ಅಲ್ಲಿ ನರ್ಸುಗಳ ಖೋಲ್ಯಾಗ ಇರಬೇಕು, ಗಂಡಸರನ್ನ ಬಿಡಂಗಿಲ್ಲ. ಮದಲ ನಾ ಹೋಗಿ ಒಂದು ಮನಿ ಹಿಡೀತೀನಿ. ಆಮ್ಯಾಲ ಬಂದು ನಿಮ್ಮನ್ನ ಕರಕೊಂಡು ಹೋಗ್ತೀನಿ. ಅಲ್ಲೀತನಕ ಹುಷಾರಿರ್ರಿ. ಹೊತ್ತಿಗೆ ಸರಿಯಾಗಿ ಉಣ್ರಿ."

"ಹೂಂ," ಎಂದರು. ಕಣ್ಣೀರು ಮೀಸೆಯವರೆಗೆ ಇಳಿದಿತ್ತು.

ಗಾಡಿ ಅಲುಗಿತು. ಅವರು ಸರಳು ಬಿಡದೆ ಜೊತೆಗೇ ನಡೆದರು. ಗಂಡನಿಲ್ಲದ ನರ್ಸಿಗೆ ಸೊಲ್ಲಾಪುರದಲ್ಲಿ ಮನೆ ಕೊಡುವವರು ಯಾರು, ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯವರು ಏನನ್ನುತ್ತಾರೋ, ನಮ್ಮ ಜನ ಏನನ್ನುತ್ತಾರೋ, ಅದೂ ಗೊತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಮಾತು ಕೊಟ್ಟುಬಿಟ್ಟಿದ್ದೆ.

"ಎಂದ ಬರ್ತೀರಿ?" ಓಡುತ್ತ ಕೇಳಿದರು.

"ಲಗೂನ ಬರ್ತೀನಿ," ಎಂದೆ. ಊರು ಬಿಟ್ಟು ಹೋಗುವವರೆಲ್ಲ ಹೀಗೆಯೇ ಹೇಳಿ ಮುಖ ತಿರುಗಿಸಿಕೊಳ್ಳುತ್ತಾರೆ. ಅವರೆಲ್ಲ ಯಾಕೆ ಮುಖ ತಿರುಗಿಸುತ್ತಾರೆಂದು ನನಗೆ ಆಗ ತಿಳಿಯಿತು.